ಬಾಯಿಮಾತಿನ ಲೀಸು

ಮೊನ್ನೆ ಭಾನುವಾರ ಸಂಜೆ ಗಾಂಧಿ ಚೌಕದವರೆಗೆ ನಡೆದುಹೋಗಿ ಬಂದು ಕುಳಿತಿದ್ದೆ. ಲಂಡನ್ನಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. "ಸರ್, ಆರಾಮ ಅದೀರೇನ್ರೀ?" ಎಂದು ಆರಂಭಿಸಿದವನು, ಮಾತಿನ ನಡುವೆ ತನ್ನ ಫ್ಲ್ಯಾಟಿನ ಲೀಸನ್ನು ವಿಸ್ತರಿಸಬೇಕಾಗಿದೆ ಎಂದ. ಕೊಂಡ ಮನೆಗೆ ಲೀಸೇಕೆ ಎಂದು ನನಗೆ ಅಚ್ಚರಿಯಾಯಿತು.

ಅವನೇ ಬಿಡಿಸಿ ಹೇಳಿದ. ಇಂಗ್ಲೆಂಡಿನಲ್ಲಿ ಫ್ಲ್ಯಾಟು ಕೊಂಡವರು ಬಹುಮಟ್ಟಿಗೆ ಕೊಳ್ಳುವುದು ಇಂತಿಷ್ಟು ವರ್ಷ ವಾಸಿಸುವ ಹಕ್ಕನ್ನು ಮಾತ್ರ, ನೆಲ ಬೇರೊಬ್ಬರದು. ಅವಧಿ ಕರಗಿದಂತೆ ಮನೆಯ ಬೆಲೆಯೂ ಕರಗುತ್ತದೆ. 1993ರ ಕಾನೂನು ಇನ್ನೂ 90 ವರ್ಷ ಸೇರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆಮೇಲೆ ನೆಲಬಾಡಿಗೆಯೂ ಇಲ್ಲ, ಕಾಗದದಲ್ಲಿ ಹೆಸರಿಗೊಂದು ಕರಿಮೆಣಸಿನ ಕಾಳು! ಆದರೆ ಆ ಕಾನೂನಿನ ಪ್ರಕಾರ, ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದರೆ, ವಿಸ್ತರಣೆಯಿಂದ ಹೆಚ್ಚುವ ಬೆಲೆಯಲ್ಲಿ ಅರ್ಧದಷ್ಟನ್ನು ನೆಲದ ಒಡೆಯನಿಗೆ ಕೊಡಬೇಕು. ಇದನ್ನು ತೆಗೆದುಹಾಕುವ ಕಾನೂನು 2024ರಲ್ಲಿ ಅಂಗೀಕಾರವಾದರೂ ಅದರ ಎಲ್ಲ ಕಲಮುಗಳೂ ಒಮ್ಮೆಗೇ ಜಾರಿಗೆ ಬರಲಿಲ್ಲ.

ಅವನದು 80 ವರ್ಷ 7 ತಿಂಗಳು ಉಳಿದಿತ್ತು. "ಮಾಲಕರು ಛಲೋ ಮನುಷ್ಯಾರು ಸರ್. ಅವಸರ ಇಲ್ಲ, ಮುಂದಿನ ವರ್ಷ ಮಾತಾಡೋಣು ಅಂದಾರ್ರೀ" ಎಂದ. ಆ ಮಾತು ಕೇಳಿದೊಡನೆ ನನ್ನ ಎದೆ ಧಸಕ್ಕೆಂದಿತು. ಅಂಥದೇ ಒಂದು ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

1991ರಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯ ಮಹಡಿ ಮನೆಯೊಂದನ್ನು ನಾನು ಲೀಸಿಗೆ ಹಿಡಿದೆ. ನಮ್ಮ ಕಡೆಯ ಲೀಸು ನಿಮಗೆಲ್ಲ ಗೊತ್ತಿದ್ದದ್ದೇ: ಇಡಿಗಂಟು ಹಣ ಕೊಡುವುದು, ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೇ ಹಣ ಮರಳಿ ಪಡೆಯುವುದು. 40,000 ರೂಪಾಯಿ, 3 ವರ್ಷ. 1994ರಲ್ಲಿ ಅವಧಿ ಮುಗಿದಾಗ ಹೊಸ ಕಾಗದ ಮಾಡೋಣವೆಂದು ಮಾಲಕರ ಬಳಿ ಹೋದೆ. ಅವರು ಚಹಾ ತರಿಸಿ, "ಮಾಸ್ತರ, ನಿಮಗ ಕಾಗದ ಯಾತಕ್ಕ ಬೇಕ್ರೀ? ನಾ ಇರೂತನಕ ನೀವು ಇರ್ರಿ" ಎಂದರು. ಅಂಥ ಹಿರಿಯರ ಮುಂದೆ ಕಾಗದದ ಮಾತನ್ನು ಮತ್ತೆ ಎತ್ತುವುದು ನನಗೆ ಅವಮರ್ಯಾದೆಯೆನಿಸಿತು.

ಅವರು ಸುಳ್ಳಾಡಲಿಲ್ಲ. ಅವರಿರುವ ತನಕ ನಾವಿದ್ದೆವು. 1997ರಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆಯುವುದರೊಳಗೆ ಮಕ್ಕಳು ಮನೆ ಬಿಡಲು ಹೇಳಿದರು. ವಕೀಲ ಮಿತ್ರರೊಬ್ಬರನ್ನು ಕೇಳಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಲೀಸು ನೋಂದಾಯಿತ ಪತ್ರದಿಂದಲೇ ಆಗಬೇಕಂತೆ. ಎಲ್ಲೆಡೆ 11 ತಿಂಗಳ ಕರಾರು ಬರೆಯುವುದರ ಗುಟ್ಟೂ ಅದೇ. "ವ್ಯಾಜ್ಯ ಹೂಡಬಹುದು, ಆದರೆ ಬಾಯಿಮಾತಿನ ಅವಧಿಯನ್ನು ನ್ಯಾಯಾಲಯಕ್ಕೆ ಹೇಗೆ ತೋರಿಸುತ್ತೀರಿ?" ಎಂದರು. ಸತ್ತವರ ಮಾತಿಗೆ ಅವರ ಮಕ್ಕಳೊಡನೆ ಕೋರ್ಟಿನಲ್ಲಿ ಜಗಳವಾಡಲು ನನಗೆ ಮನಸ್ಸಾಗಲಿಲ್ಲ.

ಹಣ ಮೂರು ಕಂತಿನಲ್ಲಿ ಬಂತು. 40,000 ಎಂಬುದು 40,000 ಆಗಿಯೇ ಉಳಿದಿತ್ತು. ಹೊಸ ಮನೆಯವರು ಕೇಳಿದ್ದು 70,000. ಕೊರತೆಗೆ ಸಾಲ ಮಾಡಿದೆ, ಅದು ತೀರಿತು. ತೀರದೆ ಉಳಿದದ್ದು ಬೇರೊಂದು. ನಮ್ಮ ಅವ್ವನಿಗೆ ಆಗ ಕಣ್ಣು ಮಂಜಾಗಿದ್ದವು. ಆ ಮನೆಯ 14 ಮೆಟ್ಟಿಲುಗಳನ್ನು ಎಣಿಸುತ್ತ ಒಬ್ಬಳೇ ಇಳಿದು ಸಿದ್ಧೇಶ್ವರ ಗುಡಿಗೆ ಹೊರಟ ನೆರೆಯವರ ಜೊತೆಗೂಡುತ್ತಿದ್ದಳು. ಹೊಸ ಮನೆಯಲ್ಲಿ ಗೋಡೆಯಿಲ್ಲದ ಕಡೆ ಗೋಡೆಗಾಗಿ ಕೈಚಾಚುತ್ತಿದ್ದಳು. ಆಮೇಲೆ ಗುಡಿಗೆ ಹೋಗುವುದನ್ನೇ ಬಿಟ್ಟಳು. "ಯಾಕವ್ವ?" ಎಂದರೆ, "ಲೆಕ್ಕ ತಪ್ಪತೈತಪ್ಪ" ಎನ್ನುತ್ತಿದ್ದಳು. ಆ ಲೆಕ್ಕ ತಪ್ಪಿಸಿದವನು ನಾನು. ಮಾಲಕರ ಮಕ್ಕಳನ್ನು ದೂರಿ ಫಲವಿಲ್ಲ, ಮನೆ ಅವರದು. ಸಾವಿರಾರು ಮಕ್ಕಳಿಗೆ "ಬರೆದಿಟ್ಟುಕೊಳ್ಳಿ" ಎಂದು ಹೇಳಿದ ಮಾಸ್ತರನೇ ಒಂದು ಹಾಳೆ ಬರೆಸಿಕೊಳ್ಳಲಿಲ್ಲ.

ಇದೆಲ್ಲವನ್ನೂ ಹೇಳಿ ಮುಗಿಸಿದಾಗ ಅತ್ತಲಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಅವನು, "ಅಲ್ಲಿ ನೋಟಿಸು ಕೊಟ್ಟ ದಿನದ ಲೆಕ್ಕಾನೇ ಹಿಡಿತಾರ್ರೀ ಸರ್. ಈ ವಾರದಾಗ ವಕೀಲರನ್ನ ಕಾಣ್ತೀನಿ" ಎಂದ.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಬಂಧುಗಳೇ, ಒಳ್ಳೆಯವರ ಮಾತನ್ನು ನಂಬಿರಿ. ನಂಬಿದ ಮೇಲೂ ಅದನ್ನು ಬರೆಸಿಕೊಳ್ಳಿರಿ. ಮಾತಿನ ಆಯುಷ್ಯ ಆಡಿದವರ ಆಯುಷ್ಯದಷ್ಟೇ. ಇಂದು ರಾತ್ರಿ ನಿಮ್ಮ ಟ್ರಂಕಿನಲ್ಲಿರುವ ಕಾಗದವನ್ನೊಮ್ಮೆ ತೆಗೆದು, ಅದರ ಕೊನೆಯ ತಾರೀಖನ್ನು ನೋಡಿಕೊಳ್ಳಿರಿ.