ನಾಲ್ಕರಲ್ಲಿ ಒಂದು ಹೋದರೆ ಎಷ್ಟು?

ಮಕ್ಕಳೇ, ನಾಲ್ಕರಲ್ಲಿ ಒಂದು ಹೋದರೆ ಎಷ್ಟು? ಮೂರು ಅನ್ನುತ್ತೀರಿ. ನನ್ನ ಮೊಮ್ಮಗಳೂ ಹಾಗೇ ಅಂದಳು. ನಮ್ಮ ಹಳೇ ಜೀಪು ಮಾತ್ರ ಎರಡು ಅಂದಿತು!

ಆಷಾಢದ ಒಂದು ಶನಿವಾರ. ಕಿಗ್ಗದ ಆಚೆ ತೋಟದ ಮನೆಯಲ್ಲಿರುವ ನನ್ನ ಅಕ್ಕನನ್ನು ಕರೆತರಬೇಕಿತ್ತು. ಸೋಮವಾರ ಅವಳಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಮೊಣಕಾಲು ನೋವಿನಿಂದ ಅವಳು ನಡೆಯಲಾರಳು. ಮಳೆಗಾಲದಲ್ಲಿ ಆ ದಾರಿಗೆ ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ಮೊಮ್ಮಗಳು, ಮೊಮ್ಮಗನನ್ನು ಕೂರಿಸಿಕೊಂಡು ನರಸಿಂಹರಾಜಪುರದಿಂದ ಬೆಳಿಗ್ಗೆಯೇ ಹೊರಟೆ.

ನಮ್ಮೂರಿನ ಹಳೆಯ ಹೆಸರು ಎಡೇಹಳ್ಳಿ. 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ ಈಗಿನ ಹೆಸರು ಬಂತು. ಹಿಂದೆ ತರೀಕೆರೆಯಿಂದ ಇಲ್ಲಿಗೆ ಕಿರಿದಾದ ಹಳಿಯ ಮೇಲೆ ಪುಟ್ಟ ರೈಲು ಬರುತ್ತಿತ್ತು. ಈಗ ರೈಲಿಲ್ಲ, ಭದ್ರೆಯ ಹಿನ್ನೀರಿದೆ. ಅಲ್ಲಿಂದ ಕೊಪ್ಪ. ಕುವೆಂಪು ಅವರು 1904ರಲ್ಲಿ ಹುಟ್ಟಿದ ಹಿರೇಕೊಡಿಗೆ ಇದೇ ತಾಲ್ಲೂಕಿನದು. ಹರಿಹರಪುರಕ್ಕೆ ಬಂದಾಗ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು.

ಶೃಂಗೇರಿಯಲ್ಲಿ ಶಾರದೆಯ ದರ್ಶನ ಮಾಡಿ, ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳಲ್ಲಿ ಮಕ್ಕಳು ತಮ್ಮ ತಮ್ಮ ರಾಶಿ ಹುಡುಕಿದರು. ಹೊರಗೆ ಬಂದು ಜೀಪು ಹತ್ತುವಾಗ ಮೊಮ್ಮಗಳು ಕೇಳಿದಳು, “ಅಜ್ಜ, ಬಲಗಡೆ ಚಕ್ರದ ಮಧ್ಯ ತಿರುಗಿಸೋ ಗುಂಡಿ ಇದೆ. ಎಡಗಡೆ ಯಾಕೆ ಬರೀ ತೂತು?”

ನನ್ನೆದೆ ಧಸಕ್ಕೆಂದಿತು. ಲಾಕಿಂಗ್ ಹಬ್ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು! ಬೋಲ್ಟು ಸಡಿಲವಾಗಿದ್ದನ್ನು ಹೊರಡುವ ಮೊದಲು ನೋಡದ ತಪ್ಪು ನನ್ನದೇ.

ಲಾಕಿಂಗ್ ಹಬ್ ಎಂದರೆ ಮುಂದಿನ ಚಕ್ರವನ್ನೂ ಒಳಗಿನ ಆಕ್ಸಲನ್ನೂ ಜೋಡಿಸುವ ಚಿಲಕ. ಡಾಂಬರು ರಸ್ತೆಯಲ್ಲಿ ಚಿಲಕ ತೆಗೆದಿರುತ್ತೇವೆ. ಆಗ ಹಿಂದಿನ ಚಕ್ರಗಳು ತಳ್ಳುತ್ತವೆ, ಮುಂದಿನವು ಸುಮ್ಮನೆ ಉರುಳುತ್ತವೆ. ಕೆಸರು ಬಂದಾಗ ಇಳಿದು, ಎರಡೂ ಕಡೆ ಚಿಲಕ ಹಾಕಿ, ಒಳಗಿನ ಲಿವರ್ ಎಳೆದರೆ ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಸಿಗುತ್ತದೆ. ಹಬ್ ಹೋದರೂ ಚಕ್ರ ಕಳಚುವುದಿಲ್ಲ, ಅದನ್ನು ಹಿಡಿದಿಡುವ ನಟ್ಟುಗಳು ಒಳಗೆ ಬೇರೆಯೇ ಇವೆ. ಮಣ್ಣು ನೀರು ಹೋಗದಂತೆ ತೂತಿಗೆ ಪ್ಲಾಸ್ಟಿಕ್ ಕಟ್ಟಿದೆ.

“ಹಾಗಾದ್ರೆ ಇನ್ನೂ ಮೂರು ಚಕ್ರ ಎಳೀತಾವಲ್ಲ?” ಎಂದಳು ಮೊಮ್ಮಗಳು.

“ತೋಟಕ್ಕೆ ಹೋದಮೇಲೆ ತೋರಿಸ್ತೀನಿ” ಎಂದೆ.

ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿಗೆ ಕೈ ಮುಗಿದೆವು. ಮಳೆ ಬಾರದಾಗ ಜನ ಮೊರೆಹೋಗುವ ದೇವರು. “ಇವತ್ತೊಂದು ದಿನ ಸಾಕು ಮಾಡಪ್ಪ” ಎಂದು ಬೇಡಿಕೊಂಡೆ. ಮಳೆ ಇನ್ನೂ ಜೋರಾಯಿತು.

ಅಕ್ಕನ ಮನೆಯ ಇಳಿಜಾರು ಶುರುವಾಗುವ ಮೊದಲು ಮಟ್ಟಸವಾದ ಕೆಸರು ಜಾಗವಿದೆ. ಮಕ್ಕಳನ್ನು ಪಕ್ಕದ ದರೆಯ ಮೇಲೆ ದೂರ ನಿಲ್ಲಿಸಿ, ಪ್ಲಾಸ್ಟಿಕ್ ಬಿಚ್ಚಿ, ಬಲಗಡೆ ಚಿಲಕ ಹಾಕಿ, ಲಿವರ್ ಎಳೆದು ಜೀಪು ನುಗ್ಗಿಸಿದೆ. ಹಿಂದಿನ ಚಕ್ರ ಕೆಸರೆರಚುತ್ತ ಗಿರಗಿರನೆ ತಿರುಗಿತು. ಜೀಪು ಮಾತ್ರ ನಿಂತಲ್ಲೇ ನಿಂತಿತು. ಮುಂದಿನ ಚಕ್ರ ಎರಡೂ ಅಲುಗಲಿಲ್ಲ.

“ಅಜ್ಜ, ಎಡಗಡೆ ತೂತಿನೊಳಗೆ ಏನೋ ತಿರುಗ್ತಾ ಇದೆ!” ಬ್ಯಾಟರಿ ಬಿಟ್ಟು ನೋಡುತ್ತಿದ್ದ ಮೊಮ್ಮಗ ಕೂಗಿದ.

ಅದು ಆಕ್ಸಲ್ಲಿನ ತುದಿ. ತೋಟದ ಕಾಲುವೆ ಎರಡು ಕವಲಾಗುವಲ್ಲಿ ಒಂದು ಕವಲಿನ ಬದು ಒಡೆದರೆ ನೀರೆಲ್ಲ ಆ ಕಡೆಗೇ ಓಡುತ್ತದಲ್ಲ, ಹಾಗೆ. ಮುಂದಿನ ಚಕ್ರಗಳಿಗೆ ಬಲ ಹಂಚುವುದು ಡಿಫರೆನ್ಷಿಯಲ್. ತಿರುವಿನಲ್ಲಿ ಒಂದು ಚಕ್ರ ಬೇಗ, ಇನ್ನೊಂದು ನಿಧಾನವಾಗಿ ತಿರುಗಲು ಅದು ಬೇಕೇಬೇಕು. ಆದರೆ ಒಂದು ಕಡೆ ತಡೆಯೇ ಇಲ್ಲದಿದ್ದರೆ ತಿರುಗಾಟವೆಲ್ಲ ಆ ಕಡೆಗೇ ಹೋಗುತ್ತದೆ. ಹಬ್ ಸರಿಯಿದ್ದ ಬಲಚಕ್ರಕ್ಕೂ ಬಲ ಸಿಗುವುದಿಲ್ಲ.

“ಹಾಗಾದ್ರೆ ಉಳಿದದ್ದು ಎರಡೇ!” ಮೊಮ್ಮಗಳು ಬೆರಳು ಮಡಿಸಿದಳು.

ಕಲ್ಲು, ಸೊಪ್ಪು ಹಾಕಿ ಜೀಪನ್ನು ಹಿಂದಕ್ಕೆ ತೆಗೆದೆವು. ಇಳಿಜಾರಿನಲ್ಲಿ ಇಳಿಯಬಹುದಿತ್ತು. ಆದರೆ ಅಕ್ಕನನ್ನು ಕೂರಿಸಿಕೊಂಡು ಮೇಲೆ ಹತ್ತುವುದು? ಜಾರಿದರೆ ಕೆಳಗೆ ಹಳ್ಳ. ಜೀಪನ್ನು ಅಲ್ಲೇ ಬಿಟ್ಟು ನಡೆದೆವು.

ಸುದ್ದಿ ತಿಳಿದು ನೆರೆಮನೆಯವರು ಬಂದರು. ಕುರ್ಚಿಗೆ ಎರಡು ಬಿದಿರಿನ ಗಳ ಕಟ್ಟಿ, ಅಕ್ಕನನ್ನು ಕೂರಿಸಿ, ಕಂಬಳಿ ಹೊದಿಸಿ ನಾಲ್ವರು ಹೆಗಲು ಕೊಟ್ಟರು. “ನನ್ನ ಮದುವೆ ದಿಬ್ಬಣಕ್ಕೂ ಇಷ್ಟು ಜನ ಇರಲಿಲ್ಲ ಕಣೋ” ಎಂದು ಅಕ್ಕ ನಕ್ಕಳು. ಅರ್ಧ ದಾರಿಯಲ್ಲಿ ಒಬ್ಬನ ಕಾಲು ಜಾರಿತು. ಕುರ್ಚಿ ವಾಲುವ ಮೊದಲೇ ಹಿಂದೆ ಬರುತ್ತಿದ್ದ ಐದನೆಯವನು ಗಳಕ್ಕೆ ಹೆಗಲು ಹಚ್ಚಿದ.

“ಅಜ್ಜ, ಇವರು ಜೀಪಿನ ಹಾಗಲ್ಲ” ಎಂದಳು ಮೊಮ್ಮಗಳು ಮೆಲ್ಲಗೆ.

ಸೋಮವಾರ ಅಕ್ಕನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಜೀಪಿಗೆ ಬೇರೆ ಹಬ್ ಹಾಕಿಸಿದೆ. ಈಗ ರಜೆಗೆ ಬಂದಾಗಲೆಲ್ಲ ಮೊಮ್ಮಗಳು ಹೊರಡುವ ಮೊದಲು ಎರಡೂ ಚಕ್ರದ ಮುಂದೆ ಬಗ್ಗಿ, ಬೋಲ್ಟು ಮುಟ್ಟಿ ನೋಡಿ, “ಎಡ ಇದೆ, ಬಲ ಇದೆ” ಎಂದು ಕೂಗುತ್ತಾಳೆ. ಆಮೇಲೇ ನಾನು ಕೀಲಿ ತಿರುಗಿಸುವುದು.