ಜಾಹೀರಾತೂ ಇರಲಿ ಬಿಡಿ

ಐರ್ಲೆಂಡಿನ ಗಾಲ್ವೇಯಲ್ಲಿ ಬಲು ಮಳೆ ಎಂದು ಇಲ್ಲಿನವರು ಮಾತು ತೆಗೆದಾಗಲೆಲ್ಲ ತೀರ್ಥಹಳ್ಳಿ ಕಡೆಯವಳಾದ ನಾನು ಒಳಗೊಳಗೇ ನಗುತ್ತೇನೆ. ಇಲ್ಲಿ ಇಡೀ ವರ್ಷ ಬೀಳುವ ಮಳೆ ಆಗುಂಬೆಗೆ ಜುಲೈ ಒಂದು ತಿಂಗಳಿಗೂ ಸಾಲದು. ಆದರೆ ನಮ್ಮ ಮಳೆಗೆ ಒಂದು ಮರ್ಯಾದೆಯಿದೆ, ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಈ ಮಳೆ ಅಡ್ಡಡ್ಡ ಬಂದು ಕೊಡೆಯ ಕಡ್ಡಿ ಮುರಿದು ಹೋಗುತ್ತದೆ. ಹೀಗಾಗಿ ಜನ ಮನೆಯೊಳಗೆ ಕೂತು ಏನಾದರೊಂದನ್ನು ಕೂಡಿಡುತ್ತಾರೆ. ಪಕ್ಕದ ಮನೆಯಾಕೆ ಉಣ್ಣೆಯ ಉಂಡೆ ಕೂಡಿಡುತ್ತಾಳೆ. ನಾನು ವೆಬ್ ಪುಟ ಕೂಡಿಡುತ್ತೇನೆ.

"ಇದನ್ನೆಲ್ಲ ಓದೋದು ಯಾವಾಗ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ಉಣ್ಣೆಯವಳನ್ನು ಅವಳ ಗಂಡ ಹೀಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕೂಡಿಡುವುದಕ್ಕೆ ದಾರಿಗಳು ಹತ್ತಾರು. ಎಲ್ಲರಿಗೂ ಗೊತ್ತಿರುವುದು ಬುಕ್‌ಮಾರ್ಕ್. ಅದು ಬರೀ ವಿಳಾಸ. ಗಾಲ್ವೇಯ ಕೆನ್ನೀಸ್ ಪುಸ್ತಕದಂಗಡಿ 1940ರಿಂದ ಹೈಸ್ಟ್ರೀಟ್‌ನಲ್ಲಿತ್ತು. ಬಹುಪಾಲು ಪುಸ್ತಕದಂಗಡಿಗಳಿಗೆ ಇಂಟರ್ನೆಟ್ ಎಂದರೇನೆಂದೇ ತಿಳಿಯದ 1994ರಲ್ಲೇ ವೆಬ್‌ಗೆ ಹೋಗಿ, 2006ರಲ್ಲಿ ಲಿಯೊಸ್ಬಾನ್‌ಗೆ ಮನೆ ಬದಲಿಸಿತು. ಇವತ್ತು ಹಳೇ ಜಾಗದಲ್ಲಿ ನಿಂತು ಕೇಳಿದರೆ ದಾರಿಹೋಕರು ಹೊಸ ಜಾಗದ ದಾರಿಯನ್ನೂ ಹೇಳುತ್ತಾರೆ, ಜೊತೆಗೆ ಹಳೇ ಅಂಗಡಿಯ ಎರಡು ಕತೆಯನ್ನೂ ಹೇಳುತ್ತಾರೆ. ವೆಬ್‌ನಲ್ಲಿ ವಿಳಾಸ ಇದ್ದ ಹಾಗೇ ಇರುತ್ತದೆ, ಅಂಗಡಿ ಮಾತ್ರ ಇರುವುದಿಲ್ಲ. ಕೇಳಿದರೆ 404 ಎಂದು ಬಾಗಿಲು ಹಾಕಿಕೊಳ್ಳುತ್ತದೆ.

ಇನ್ನೊಂದು ಜಾತಿ, ಆಮೇಲೆ ಓದುವವರಿಗೆಂದೇ ಹುಟ್ಟಿದ ಸೇವೆಗಳದು. 2007ರಲ್ಲಿ 'ರೀಡ್ ಇಟ್ ಲೇಟರ್' ಎಂದು ಶುರುವಾಗಿ 2012ರಲ್ಲಿ 'ಪಾಕೆಟ್' ಆದದ್ದು ಇವುಗಳಲ್ಲಿ ಪ್ರಸಿದ್ಧ. 2017ರಲ್ಲಿ ಮೊಜಿಲ್ಲಾ ಅದನ್ನು ಕೊಂಡಿತು, 2025ರ ಜುಲೈ 8ರಂದು ಮುಚ್ಚಿತು. ಇಂಥವು ಇರುವಷ್ಟು ಕಾಲ ಬಲು ಸೊಗಸು: ಪುಟದ ಕಸ ಕಡ್ಡಿ, ಜಾಹೀರಾತು, ಅಕ್ಕಪಕ್ಕದ ಡಬ್ಬಿಗಳು ಎಲ್ಲವನ್ನೂ ತೆಗೆದು ಬರಹವೊಂದನ್ನೇ ಕೈಗಿಡುತ್ತವೆ. ಬ್ರೌಸರಿನ ಓದುವ ನೋಟವೂ ಅದನ್ನೇ ಮಾಡುತ್ತದೆ. ಮೇಣ ಸೋಕದ ಹಾಗೆ ಯಾರೋ ಹಲಸಿನ ತೊಳೆ ಬಿಡಿಸಿ ತಟ್ಟೆಗಿಟ್ಟ ಹಾಗೆ. ಊರಲ್ಲಿರುವವರಿಗೆ ಅದೇ ಸರಿ. ಮೇಣ ಅಂಟಿದರೆ ತಿಕ್ಕಿಕೊಳ್ಳುವ ಕೊಬ್ಬರಿ ಎಣ್ಣೆ ಅವರ ಅಡುಗೆಮನೆಯಲ್ಲೇ ಇರುತ್ತದೆ. ಪರದೇಶದಲ್ಲಿ ಕೂತವರಿಗೆ ಆ ಮೇಣವೂ ಬೇಕಾಗುತ್ತದೆ.

ಹೀಗೆ ಹೇಳಲು ನನಗೆ ಕಾರಣವಿದೆ. ನವ್ಯ ಕಾವ್ಯದ ಬಗ್ಗೆ ಯಾರೋ ಬರೆದ ಘನವಾದ ವಿಮರ್ಶೆಯೊಂದನ್ನು ಬಹಳ ಹಿಂದೆ ಇಡೀ ಪುಟದ ಸಮೇತ ಉಳಿಸಿದ್ದೆ. ಮೊನ್ನೆ ತೆಗೆದರೆ ವಿಮರ್ಶೆ ನನ್ನನ್ನು ಗುರುತಿಸಲಿಲ್ಲ, ನಾನೂ ಅದನ್ನು ಗುರುತಿಸಲಿಲ್ಲ. ಆದರೆ ಬಲಗಡೆ ಮೂಲೆಯಲ್ಲಿ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಇತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು. ಅದರ ಕೆಳಗೆ ಯಾವುದೋ ಜವಳಿ ಅಂಗಡಿಯ ಆಷಾಢದ ರಿಯಾಯಿತಿ, ಅದರ ಕೆಳಗೆ ಘಾಟಿಯಲ್ಲಿ ಮಣ್ಣು ಕುಸಿದು ಭಾರೀ ವಾಹನಗಳ ಸಂಚಾರ ನಿಲ್ಲಿಸಿದ ಸುದ್ದಿ. ಅಪ್ಪ ಆಗ ಫೋನು ಮಾಡಿದರೆ ಆರೋಗ್ಯ ಕೇಳುವ ಮೊದಲು ರಾಶಿ ಧಾರಣೆ ಹೇಳುತ್ತಿದ್ದರು. ಗಾಲ್ವೇಯಲ್ಲಿ ಕೂತ ಮಗಳಿಗೆ ಅದರಿಂದ ಏನು ಪ್ರಯೋಜನ ಎಂದು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಈಗ ಫೋನು ಬರುವುದಿಲ್ಲ. ವಿಮರ್ಶೆಯನ್ನು ಬಿಟ್ಟು ಧಾರಣೆಯನ್ನೇ ಮತ್ತೆ ಮತ್ತೆ ಓದಿದೆ.

ಹಾಗಾದರೆ ಇಡೀ ಪುಟವನ್ನು ಹಿಡಿಯುವುದು ಹೇಗೆ? ಸ್ಕ್ರೀನ್‌ಶಾಟ್ ನೋಡಲು ಚೆಂದ, ಆದರೆ ಅದು ಚಿತ್ರ. ಒಳಗೆ ಒಂದು ಪದ ಹುಡುಕಬೇಕೆಂದರೆ ಕಣ್ಣೇ ಗತಿ. ಪಿಡಿಎಫ್ ಇಂಗ್ಲಿಷಿಗೆ ಸರಿ. ಕನ್ನಡದ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಎಷ್ಟೋ ಸಲ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿರುತ್ತವೆ. ಬ್ರೌಸರಿನಲ್ಲೇ ಇರುವ 'ಪೂರ್ಣ ಪುಟ ಉಳಿಸು' ಎಂಬುದು ಒಂದು ಕಡತವನ್ನೂ ಪಕ್ಕದಲ್ಲೊಂದು ಫೋಲ್ಡರನ್ನೂ ಕೊಡುತ್ತದೆ. ಮನೆ ಬದಲಿಸುವಾಗ ಒಂದು ಬಂದರೆ ಒಂದು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ 'ಸ್ಕ್ರಾಪ್‌ಬುಕ್' ಎಂಬ ಬಹಳ ಒಳ್ಳೆಯ ವಿಸ್ತರಣೆಯಿತ್ತು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೇ ಮಾದರಿಯ ವಿಸ್ತರಣೆಗಳೆಲ್ಲ ಒಟ್ಟಿಗೆ ನಿಂತವು, ಅದರಲ್ಲಿ ಅದೂ ಹೋಯಿತು.

ಈಗ ನನ್ನ ಬ್ರೌಸರಿನ ಮೂಲೆಯಲ್ಲಿರುವುದು 'ಸಿಂಗಲ್‌ಫೈಲ್'. ಗಿಲ್ದಾಸ್ ಲೊರ್ಮೊ ಎಂಬವರು ಬರೆದದ್ದು, ಪುಕ್ಕಟೆ. ಚಿತ್ರ, ವಿನ್ಯಾಸ, ಫಾಂಟು ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಕಡತದೊಳಗೆ ತುಂಬಿ ಕೊಡುತ್ತದೆ. ಯಾವ ಕಂಪನಿಯ ಖಾತೆಯೂ ಬೇಡ, ಕಡತ ನಮ್ಮ ಡಿಸ್ಕಿನಲ್ಲೇ ಇರುತ್ತದೆ.

ಫಾಂಟು ಎಂದಾಗ ಕನ್ನಡದವರು ಸ್ವಲ್ಪ ತಡೆದು ನಿಲ್ಲಬೇಕು. ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವ ಕನ್ನಡ' ಎಂಬ ಅಂತರಜಾಲ ಪತ್ರಿಕೆ ತಂದರು. ಕನ್ನಡಕ್ಕೆ ಅದೇ ಮೊದಲನೆಯದು. ಆಗ ಓದುಗರ ಕಂಪ್ಯೂಟರುಗಳಲ್ಲಿ ಯುನಿಕೋಡ್ ಕನ್ನಡ ಇನ್ನೂ ನೆಲೆಗೊಂಡಿರಲಿಲ್ಲ. ಮುಂದೆ ಬಹಳ ಕಾಲ ಒಂದೊಂದು ತಾಣಕ್ಕೂ ಒಂದೊಂದು ಫಾಂಟು, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ವೇಷ. ಆ ಕಾಲದಲ್ಲಿ ಉಳಿಸಿದ ಪುಟವನ್ನು ಈಗ ತೆರೆದರೆ ಕವಿತೆ ಇರಬೇಕಾದಲ್ಲಿ ಯುರೋಪಿನ ಸ್ವರಚಿಹ್ನೆಗಳೆಲ್ಲ ಸಂತೆ ಸೇರಿರುತ್ತವೆ. ಇಲ್ಲಿಯ ಬಸ್ ಫಲಕದ ಐರಿಷ್ ಓದಿ ಅಭ್ಯಾಸವಾದ ನನ್ನ ಮಗ ಅಂಥದೊಂದನ್ನು ನೋಡಿ, "ಇದು ಐರಿಷ್ ಅಲ್ಲ" ಎಂದು ತೀರ್ಪು ಕೊಟ್ಟ.

2025ರ ಜನವರಿ 24ರಂದು ಎಯೋವಿನ್ ಚಂಡಮಾರುತ ಬಂತು. ನಮ್ಮದೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 183 ಕಿಲೋಮೀಟರ್ ಮುಟ್ಟಿತು, ಐರ್ಲೆಂಡ್ ಅಷ್ಟು ಗಾಳಿಯನ್ನು ಅದುವರೆಗೆ ಅಳೆದೇ ಇರಲಿಲ್ಲ. ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟಿಲ್ಲ. ನಮ್ಮ ಮನೆಯಲ್ಲಿ ನೆಟ್ಟೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಬ್ಯಾಟರಿ ಇತ್ತು. "ಓದೋದು ಯಾವಾಗ" ಎನ್ನುತ್ತಿದ್ದವರು ಕಂಬಳಿ ಹೊದ್ದು ಬಂದು, "ಏನಾದ್ರೂ ಇದ್ಯಾ?" ಎಂದರು. ಕೊಟ್ಟೆ. ಅವರು ಓದಿದ್ದೂ ಲೇಖನವನ್ನಲ್ಲ, ಜವಳಿ ಅಂಗಡಿಯ ಪಂಚೆಯ ಬೆಲೆಯನ್ನು.

ಇದು ನಮ್ಮ ಮನೆಯ ಹುಚ್ಚು ಮಾತ್ರವಲ್ಲ. ಡಬ್ಲಿನ್ನಿನ ಆಬಿ ಥಿಯೇಟರಿನ ಹಳೆಯ ದಾಖಲೆಗಳನ್ನು ಡಿಜಿಟಲ್ ಮಾಡುವ ಕೆಲಸವನ್ನು 2012ರಲ್ಲಿ ಗಾಲ್ವೇ ವಿಶ್ವವಿದ್ಯಾಲಯ ವಹಿಸಿಕೊಂಡಿತು. ಉಳಿದದ್ದು ನಾಟಕಗಳ ಹಸ್ತಪ್ರತಿ ಮಾತ್ರವಲ್ಲ. ಪೋಸ್ಟರು, ಕಾರ್ಯಕ್ರಮದ ಚೀಟಿ, ಪತ್ರಿಕೆಯ ಕತ್ತರಿಕೆ, ಲೆಕ್ಕಪತ್ರ, ಎಲ್ಲ ಸೇರಿ ಹತ್ತು ಲಕ್ಷ ದಾಟಿತು. ಪಂಡಿತರೂ ಮೇಣ ಬಿಡುವುದಿಲ್ಲ ಎಂದಾಯಿತು.

ಇಂಟರ್ನೆಟ್ ಆರ್ಕೈವ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, 1996ರಿಂದ ಇದೆ, ಅದರ ವೇಬ್ಯಾಕ್ ಮಷೀನಿಗೆ ಪುಟದ ವಿಳಾಸ ಕೊಟ್ಟು ಯಾರು ಬೇಕಾದರೂ ಉಳಿಸಬಹುದು. ನಾನೂ ಕೊಡುತ್ತೇನೆ. ಆದರೆ 2024ರ ಅಕ್ಟೋಬರಿನಲ್ಲಿ ಅದರ ಮೇಲೇ ದಾಳಿಯಾಗಿ ಕೆಲವು ದಿನ ಬಾಗಿಲು ಹಾಕಿತ್ತು. ಅಲ್ಲೊಂದು ಪ್ರತಿ, ಮನೆಯಲ್ಲೊಂದು ಪ್ರತಿ ಎಂಬುದು ನನ್ನ ಲೆಕ್ಕ.

ನಿಮ್ಮ ಅಟ್ಟದಲ್ಲೋ ಕಪಾಟಿನಲ್ಲೋ ಯುನಿಕೋಡ್‌ಗಿಂತ ಹಿಂದಿನ ಕನ್ನಡ ಪುಟಗಳಿರುವ ಹಳೇ ಸೀಡಿ, ಹಾರ್ಡ್‌ಡಿಸ್ಕು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರಲ್ಲಿರುವ ಫಾಂಟ್ ಕಡತಗಳನ್ನೂ ಜೊತೆಗೇ ಇಡಿ. ನುಡಿ, ಬರಹ ತಂತ್ರಾಂಶಗಳ ಹಳೇ ಅಕ್ಷರವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಯಾರಾದರೂ ಕೂತು ಮಾಡುತ್ತಾರೆ. ಹೊಸದಾಗಿ ಉಳಿಸುವಾಗ ಜಾಹೀರಾತೂ ಇರಲಿ ಬಿಡಿ. ಅಡಿಕೆ ಧಾರಣೆಯಂತೂ ಖಂಡಿತ ಇರಲಿ.