ಇ-ಸಿಗರೇಟಿನ ಬಗ್ಗೆ ಬಾಯಿ ಬಿಡಬಹುದಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಗರೇಟು ಸೇದುವವನಲ್ಲ. ಇ-ಸಿಗರೇಟನ್ನಂತೂ ಕೈಯಲ್ಲಿ ಹಿಡಿದೂ ನೋಡಿಲ್ಲ. ಹೈಸ್ಕೂಲು ಹುಡುಗರ ಜೇಬಿಗೆ ಹಣ್ಣಿನ ಫ್ಲೇವರಿನ ನಿಕೋಟಿನ್ ಬಂದು ಕೂರುವುದು ನನಗೂ ಬೇಡ. ಆದರೂ ಅದನ್ನು ನಿಷೇಧಿಸಿದ ಕಾನೂನಿನ ಒಂದು ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ.

ಇದಕ್ಕೆಲ್ಲ ಕಾರಣ ನಮ್ಮ ಭಾವ. ಮೂವತ್ತು ವರ್ಷದಿಂದ ಸೇದುತ್ತಿದ್ದಾರೆ, ಬಿಡಲು ನಾಲ್ಕೈದು ಸಲ ಹೋಗಿ ಸೋತಿದ್ದಾರೆ. ಮೊನ್ನೆ, "ಅಲ್ಲ ಕಣೋ, ಇಂಗ್ಲೆಂಡಿನಲ್ಲಿ ಸಿಗರೇಟು ಬಿಡೋಕೆ ಇದನ್ನ ಸೇದಿ ಅಂತಾರಂತೆ, ನಿಜಾನಾ? ನೀನು ಏನೇನೋ ಬರೀತಿರ್ತೀಯಲ್ಲ, ಇದನ್ನೂ ಸ್ವಲ್ಪ ಕನ್ನಡದಲ್ಲಿ ಬರಿ" ಅಂದರು. ಬರೆಯೋಣ ಅಂತ ಕೂತವನು ಮೊದಲು ಕಾಯ್ದೆ ತೆಗೆದು ನೋಡಿದೆ.

ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟವನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಅದನ್ನೇ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲ ಬಂದ್. ಜೊತೆಗೆ ಜಾಹೀರಾತೂ ಬಂದ್. ಮಾರಿದರೆ ಎಷ್ಟು ಶಿಕ್ಷೆಯೋ ಜಾಹೀರಾತು ಮಾಡಿದರೂ ಅಷ್ಟೇ: ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ತಮಾಷೆಯೆಂದರೆ, ಸೇದುವುದು ಮಾತ್ರ ಈ ಕಾಯ್ದೆಯಲ್ಲಿ ಅಪರಾಧವಲ್ಲ!

ಇನ್ನು ಜಾಹೀರಾತು ಅಂದರೆ ಏನು? ಬೆಳಕು, ಶಬ್ದ, ಹೊಗೆ, ಅನಿಲ, ಮುದ್ರಣ, ಇಂಟರ್‌ನೆಟ್ಟು, ಸೋಷಿಯಲ್ ಮೀಡಿಯಾ... ಇವುಗಳ ಮೂಲಕ ಮಾಡುವ ಯಾವುದೇ ಪ್ರಚಾರ, ಚಿತ್ರಣ ಅಥವಾ ಹೇಳಿಕೆ. (ಹೌದು, ಹೊಗೆಯೂ ಪಟ್ಟಿಯಲ್ಲಿದೆ!) ಬಳಕೆಯನ್ನು ಅದು ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ಉತ್ತೇಜಿಸುವಂತಿರಬಾರದು. ದುಡ್ಡು ತೆಗೆದುಕೊಂಡು ಹೇಳಿದ್ದೋ, ಸುಮ್ಮನೆ ಹೇಳಿದ್ದೋ ಅನ್ನುವ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ. ನನ್ನ ತಕರಾರಿರುವುದು ಇಲ್ಲೇ.

ಬ್ರಿಟನ್ನಿನ ಸರಕಾರಿ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2015ರಲ್ಲಿ ಇ-ಸಿಗರೇಟು ಮಾಮೂಲಿ ಸಿಗರೇಟಿಗಿಂತ ಸುಮಾರು 95% ಕಡಿಮೆ ಹಾನಿಕರ ಅಂದಿತು. ಆ ಲೆಕ್ಕವನ್ನು ಒಪ್ಪದ ತಜ್ಞರೂ ಇದ್ದಾರೆ. ನಮ್ಮ ಐಸಿಎಂಆರ್ 2019ರಲ್ಲಿ ಪೂರ್ತಿ ನಿಷೇಧವೇ ಸರಿ ಅಂದಿತು. ಎರಡನೆಯ ಮಾತನ್ನು ನಾನು ಮೈಕು ಹಿಡಿದು ಹೇಳಬಹುದು. ಮೊದಲನೆಯದನ್ನು ಹೇಳುವಾಗ ಮಾತ್ರ "ಇದು ಪರೋಕ್ಷ ಉತ್ತೇಜನವಾಗುತ್ತದಾ" ಅಂತ ಅತ್ತಿತ್ತ ನೋಡಬೇಕು. ಬರೆದ ಮಾತ್ರಕ್ಕೆ ಕೇಸು ಹಾಕಿಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೆದರಿ ಸುಮ್ಮನಾಗುವುದಕ್ಕೆ ಕೇಸೇ ಬೀಳಬೇಕು ಅಂತೇನಿಲ್ಲವಲ್ಲ?

ಸಂವಿಧಾನದ 19(2)ನೇ ವಿಧಿಯಲ್ಲಿ ಮಾತಿಗೆ ಕಡಿವಾಣ ಹಾಕಲು ಕಾರಣಗಳ ಪಟ್ಟಿಯಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ ಇತ್ಯಾದಿ. 'ಸಾರ್ವಜನಿಕ ಆರೋಗ್ಯ' ಅದರಲ್ಲಿಲ್ಲ. ಹಾಗಂತ ಮಾರುವವರೆಲ್ಲ ಬಚಾವಾಗುವುದಿಲ್ಲ. ನಿಷೇಧಿತ ಔಷಧಿಯ ಜಾಹೀರಾತನ್ನು ವಾಕ್ ಸ್ವಾತಂತ್ರ್ಯ ಅನ್ನಲಾಗದು ಎಂದು ಸುಪ್ರೀಂ ಕೋರ್ಟು 1959ರಲ್ಲೇ ಹಮ್ದರ್ದ್ ದವಾಖಾನಾ ಕೇಸಿನಲ್ಲಿ ಹೇಳಿತ್ತು. 1995ರ ಟಾಟಾ ಪ್ರೆಸ್ ತೀರ್ಪಿನಲ್ಲಿ ಜಾಹೀರಾತಿಗೂ ರಕ್ಷಣೆ ಕೊಟ್ಟಿತು, ಆದರೆ ಮೋಸದ ಜಾಹೀರಾತಿಗಲ್ಲ. 2015ರಲ್ಲಿ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದಾಗಲಂತೂ ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಅಂತ ಬಿಡಿಸಿ ಹೇಳಿತು. ಮಾರುವವನ ಮಾತಿಗೂ ತಿಳಿಯಬಯಸುವವನ ಮಾತಿಗೂ ನಡುವೆ ಇಂಥದೇ ಒಂದು ಗೆರೆ ಈ ಕಾಯ್ದೆಯಲ್ಲೂ ಇದ್ದಿದ್ದರೆ ಸಾಕಿತ್ತು.

ಇನ್ನೊಂದು ಕಡೆ ನೋಡಿ. ಸುಟ್ಟು ಸೇದುವ ಸಿಗರೇಟು ನಮ್ಮ ಬೀದಿಯ ಕೊನೆಯ ಗೂಡಂಗಡಿಯಲ್ಲೇ ಸಿಗುತ್ತದೆ. 2003ರ ತಂಬಾಕು ಕಾಯ್ದೆಯಲ್ಲಿ ಅದರ ಜಾಹೀರಾತೂ ನಿಷಿದ್ಧವೇ, ಆದರೆ ಮಾರುವ ಅಂಗಡಿಯಲ್ಲಿ ಬೋರ್ಡಿಗೆ ಅವಕಾಶವಿದೆ. ತಪ್ಪು ಮಾಡಿದರೆ ಮೊದಲ ಸಲದ ದಂಡ ಹೆಚ್ಚೆಂದರೆ 1,000 ರೂಪಾಯಿ (ಜೈಲು 2 ವರ್ಷದವರೆಗೆ ಇದೆ ಅನ್ನಿ). ಇಲ್ಲಿ ಸಾವಿರ, ಅಲ್ಲಿ ಲಕ್ಷ!

ಭಾವನಿಗೆ ನಾನು ಹೇಳಿದ್ದು ಇಷ್ಟು: ಇ-ಸಿಗರೇಟಿನಲ್ಲಿ ತಂಬಾಕು ಸುಡುವುದಿಲ್ಲ, ಹಾಗಾಗಿ ಸಿಗರೇಟಿನ ಹೊಗೆಯ ಟಾರು ಅದರಲ್ಲಿಲ್ಲ. ಆದರೆ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ, ಚಟ ಹಿಡಿಸುತ್ತದೆ, ನಿರಪಾಯವಂತೂ ಅಲ್ಲ. ಇಲ್ಲಿ ಕದ್ದು ಮಾರುವುದರೊಳಗೆ ಏನಿದೆಯೋ ಯಾರು ನೋಡಿದವರು? ನಿಕೋಟಿನ್ ಚೂಯಿಂಗ್ ಗಮ್ ಕಾನೂನುಬದ್ಧವಾಗಿಯೇ ಸಿಗುತ್ತದೆ, ಮೊದಲು ಡಾಕ್ಟರನ್ನು ಕೇಳಿ.

ನಿಷೇಧ ಇರಲಿ ಬಿಡಿ, ಅದು ಬೇರೆ ವಾದ. ಆದರೆ ಒಂದು ವಸ್ತುವನ್ನು ಮಾರಬೇಡ ಅನ್ನುವುದಕ್ಕೂ, ಅದರ ಬಗ್ಗೆ ಒಂದೇ ಕಡೆಯ ಮಾತಾಡು ಅನ್ನುವುದಕ್ಕೂ ಬಹಳ ದೂರವಿದೆ. ಇಂಗ್ಲಿಷ್ ಬಲ್ಲವರು ಹೇಗೋ ಹುಡುಕಿ ಓದಿಕೊಳ್ಳುತ್ತಾರೆ. ಕನ್ನಡದಲ್ಲಿ ಮಾತ್ರ ಓದುವವರಿಗೆ ನಾವು ನೀವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ಅಂದಹಾಗೆ, ಮೇಲೆ ಬರೆದದ್ದು ಜಾಹೀರಾತಾ, ಮಾಹಿತಿಯಾ? ನೀವೇನಂತೀರಿ?